ಕೊಟ್ಟ ದಾರಿಯನ್ನು ಕಿತ್ತುಕೊಳ್ಳಬಹುದೇ?

ಮನುಷ್ಯರು ಕೂಡಿ ಕಟ್ಟಿಕೊಂಡ ಆಸ್ತಿಗಳಲ್ಲಿ ದಾರಿಯು ಬಹು ಹಳೆಯದು. ಮನೆ ಒಬ್ಬನದಾಗಬಹುದು, ಹೊಲ ಒಬ್ಬನದಾಗಬಹುದು. ದಾರಿ ಮಾತ್ರ ಊರಿನದು. ಅದರ ಮೇಲೆ ಧಣಿಯೂ ಹೋಗುತ್ತಾನೆ, ಆಳೂ ಹೋಗುತ್ತಾನೆ. ಆದಕಾರಣ ದಾರಿಯನ್ನು ಯಾರಿಗೆ ಎಷ್ಟು ಹಂಚಬೇಕು ಎಂಬುದು ಇಂಜಿನಿಯರರು ಟೇಪು ಹಿಡಿದು ತೀರ್ಮಾನಿಸುವ ವಿಷಯವಷ್ಟೇ ಅಲ್ಲ, ಅದರಲ್ಲಿ ನ್ಯಾಯಾನ್ಯಾಯದ ವಿಚಾರವೂ ಇದೆ. ಆ ವಿಚಾರದ ಒಂದು ಸಣ್ಣ ಭಾಗವನ್ನು ಮಾತ್ರ ಈ ಲೇಖನದಲ್ಲಿ ಎತ್ತಿಕೊಂಡಿದ್ದೇನೆ. ನಗರಗಳಲ್ಲಿ ಸೈಕಲ್ ಸವಾರರಿಗೆಂದು ಸರಕಾರವೇ ಒಮ್ಮೆ ಮಾಡಿಕೊಟ್ಟ ಪಥವನ್ನು ಸರಕಾರವೇ ಮುಂದೆ ಕಿತ್ತುಹಾಕುವುದು ಧರ್ಮವೇ?

ಇದು ಬರಿಯ ಕಲ್ಪನೆಯ ಪ್ರಶ್ನೆಯಲ್ಲ. ನಮ್ಮ ರಾಜ್ಯದ ರಾಜಧಾನಿ ಮುಂಬಯಿಯ ಬಾಂದ್ರಾ ಕುರ್ಲಾ ಸಂಕುಲದಲ್ಲಿ 2011ರ ಸುಮಾರಿಗೆ 13 ಕಿ.ಮೀ. ಉದ್ದದ ಸೈಕಲ್ ಪಥವನ್ನು ನಿರ್ಮಿಸಲಾಯಿತು. ವರ್ಷಗಳು ಕಳೆದಂತೆ ಅದರ ಮೇಲೆ ಕಾರುಗಳು ಬಂದು ನಿಂತವು. ಕೊನೆಗೆ 2025ರಲ್ಲಿ, ಆ ಪಥವನ್ನು ಕಟ್ಟಿಸಿದ ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೇ ಅದನ್ನು ತೆಗೆದು ಮೋಟಾರು ವಾಹನಗಳಿಗೆ ರಸ್ತೆಯನ್ನು ಅಗಲಿಸಲು ನಿರ್ಧರಿಸಿತು. ಬೆಂಗಳೂರಿನ ಕಥೆಯೂ ಬೇರೆಯಲ್ಲ. 2012ರಲ್ಲಿ ಜಯನಗರದ ರಸ್ತೆಗಳಲ್ಲಿ ಸೈಕಲ್ಲಿಗೆಂದು ಗುರುತು ಹಾಕಿದ ಪಥಗಳು ಕೆಲವೇ ದಿನಗಳಲ್ಲಿ ವಾಹನ ನಿಲ್ಲಿಸುವ ತಾಣಗಳಾದವು. 2020ರಲ್ಲಿ, ಕೋವಿಡ್ ಕಾಲದಲ್ಲಿ, ಹೊರವರ್ತುಲ ರಸ್ತೆಯಲ್ಲಿ ಕಂಬಗಳನ್ನು ನೆಟ್ಟು ಸೈಕಲ್ ಪಥವನ್ನು ಬೇರ್ಪಡಿಸಿದರು. ಮೆಟ್ರೋ ಕಾಮಗಾರಿ ನಡೆದಂತೆ ಆ ಕಂಬಗಳೂ ಹೋದವು, ಪಥವೂ ಹೋಯಿತು. ದೂರದ ಕೆನಡಾದಲ್ಲಿ ಒಂಟಾರಿಯೋ ಪ್ರಾಂತ ಸರಕಾರವು 2024ರ ನವೆಂಬರದಲ್ಲಿ ಕಾನೂನನ್ನೇ ಮಾಡಿ, ಟೊರಾಂಟೊ ನಗರದ ಮೂರು ಮುಖ್ಯ ಬೀದಿಗಳ ಸೈಕಲ್ ಪಥಗಳನ್ನು ತೆಗೆಯಲು ಹೊರಟಿತು. ದೇಶ ಬೇರೆ, ಭಾಷೆ ಬೇರೆ. ಆದರೆ ಎಲ್ಲ ಕಡೆಯೂ ಕೊಟ್ಟ ಕಾರಣ ಹೆಚ್ಚುಕಡಿಮೆ ಒಂದೇ. ಸೈಕಲ್ಲಿನವರು ಕಡಿಮೆ, ಮೋಟಾರಿನವರು ಹೆಚ್ಚು. ಆದ್ದರಿಂದ ಜಾಗ ಬಿಡಿ!

ಮುಂಬಯಿ, ಬೆಂಗಳೂರುಗಳ ಈ ಗೊಡವೆ ಕುಂಭಾರಿಯವರಿಗೇಕೆ ಎಂದು ಕೆಲವರು ಕೇಳಬಹುದು. ನನ್ನ ಮಟ್ಟಿಗೆ, ಈ ಪ್ರಶ್ನೆ ಕುಂಭಾರಿಗೆ ಸಂಬಂಧಿಸಿದಷ್ಟು ಇನ್ನಾವ ಊರಿಗೂ ಸಂಬಂಧಿಸಿಲ್ಲ. ಸೊಲ್ಲಾಪುರವು ದುಡಿಯುವವರ ನಗರ. 1877ರಲ್ಲಿ ಮೊದಲ ಗಿರಣಿ ಶುರುವಾದಂದಿನಿಂದ ಇಲ್ಲಿನ ಬೀದಿಗಳು ಭೋಂಗಾದ ಕೂಗಿಗೆ ಎದ್ದು ನಡೆದ ಕಾಲುಗಳನ್ನು ಕಂಡಿವೆ, ಆಮೇಲೆ ಸಾವಿರಾರು ಸೈಕಲ್ಲುಗಳನ್ನು ಕಂಡಿವೆ. ಗಿರಣಿಗಳು ಮುಚ್ಚಿದವು; ಮಗ್ಗದ ಮತ್ತು ಬೀಡಿಯ ಕೆಲಸ ಉಳಿಯಿತು. ಆ ಕೆಲಸಗಾರರ ವಸತಿಗಳು ಇಂದು ಇರುವುದು ನಮ್ಮ ಕುಂಭಾರಿಯ ನೆಲದಲ್ಲಿ. ಗೋದೂತಾಯಿ ಪರುಳೇಕರ ಹೆಸರಿನ ವಸತಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ ಕಟ್ಟಿದ 10,000 ಮನೆಗಳು 2006ರಲ್ಲಿ ಅರ್ಪಣೆಯಾದವು. ರೇನಗರದ 30,000 ಮನೆಗಳ ಯೋಜನೆಯಲ್ಲಿ ಮೊದಲ 15,000 ಮನೆಗಳನ್ನು 2024ರ ಜನವರಿ 19ರಂದು ಪ್ರಧಾನಮಂತ್ರಿಗಳು ಫಲಾನುಭವಿಗಳಿಗೆ ಒಪ್ಪಿಸಿದರು. ನೇಕಾರರು, ಬೀಡಿ ಕಾರ್ಮಿಕರು, ಚಿಂದಿ ಆಯುವವರು, ತಳ್ಳುಗಾಡಿಯ ವ್ಯಾಪಾರಿಗಳು, ಚಾಲಕರು ಅಲ್ಲಿನ ಮನೆಗಳ ಒಡೆಯರು. ತಲೆಯ ಮೇಲೆ ಸೂರು ಬಂದದ್ದು ದೊಡ್ಡ ಮಾತು. ಆದರೆ ಮನೆ ಊರ ಹೊರಗೆ, ಕೆಲಸ ಊರ ಒಳಗೆ. ನಡುವೆ ಇರುವುದು ಅಕ್ಕಲಕೋಟೆ ರಸ್ತೆ. ಆ ರಸ್ತೆಯ ಅಂಚಿನಲ್ಲಿ, ಲಾರಿ ಬಸ್ಸುಗಳ ಗಾಳಿಗೆ ಹ್ಯಾಂಡಲ್ ನಡುಗುವಂತೆ, ಡಬ್ಬಿ ತೂಗುಹಾಕಿಕೊಂಡು ಸೈಕಲ್ ತುಳಿಯುವವನಿಗೆ ದಾರಿಯ ನ್ಯಾಯವೆಂಬುದು ಪುಸ್ತಕದ ವಿಷಯವಲ್ಲ. ಅವನು ಸಂಜೆ ಮನೆ ಮುಟ್ಟುವನೋ ಇಲ್ಲವೋ ಎಂಬುದೇ ಅದರಲ್ಲಿ ಅಡಗಿದೆ.

ಈಗ ತತ್ತ್ವವನ್ನು ವಿಚಾರಿಸೋಣ. ದುರ್ಬಲನಿಗೆ ದಾರಿಯಲ್ಲಿ ಬೇರೆ ಪಾಲು ಇರಬೇಕೆಂಬ ವಿಚಾರ ಪರದೇಶದಿಂದ ಬಂದದ್ದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಥಕ್ಕೆ ಇಷ್ಟು ಅಗಲದ ಪಥ, ದನಗಳಿಗೆ ಇಷ್ಟು, ಕುರಿಮೇಕೆಗಳಿಗೂ ಕಾಲ್ನಡಿಗೆಯ ಮನುಷ್ಯರಿಗೂ ಇಷ್ಟು ಎಂದು ಬೇರೆ ಬೇರೆ ಅಳತೆಗಳನ್ನು ಹೇಳಿದೆ. ಅಷ್ಟಕ್ಕೇ ನಿಲ್ಲದೆ, ಸಣ್ಣ ಪ್ರಾಣಿಗಳು ಮತ್ತು ಮನುಷ್ಯರು ಓಡಾಡುವ ಕಿರಿದಾರಿಯನ್ನು ತಡೆದವನಿಗೆ 12 ಪಣ ದಂಡವನ್ನೂ ವಿಧಿಸಿದೆ. ಗಮನಿಸಬೇಕಾದ ಅಂಶವೆಂದರೆ, ಕಿರಿದಾರಿಯು ಕಿರಿದಾಗಿದೆ ಎಂಬ ಕಾರಣಕ್ಕೆ ಅದನ್ನು ರಥಮಾರ್ಗದಲ್ಲಿ ಸೇರಿಸಿಬಿಡಿ ಎಂದು ಆ ಗ್ರಂಥ ಹೇಳುವುದಿಲ್ಲ. ರಥಕ್ಕೆ ತನ್ನ ದಾರಿಯುಂಟು, ಆಡಿಗೆ ತನ್ನ ದಾರಿಯುಂಟು. ಒಂದು ಮತ್ತೊಂದನ್ನು ನುಂಗಬಾರದು. ಇದು ಆ ವ್ಯವಸ್ಥೆಯ ತಿರುಳು.

ಕೊಡದಿರುವುದಕ್ಕೂ ಕೊಟ್ಟು ಕಸಿದುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಸರಕಾರದ ಬಳಿ ಹಣವಿಲ್ಲದೆ ಒಂದು ಊರಿಗೆ ಸೈಕಲ್ ಪಥ ಮಾಡಲಾಗಲಿಲ್ಲವೆಂದರೆ ಅದು ಕೊರತೆ. ಮಾಡಿದ ಪಥವನ್ನು ತೆಗೆದರೆ ಅದು ಕೊಟ್ಟ ಮಾತನ್ನು ಮುರಿದಂತೆ. ಏಕೆಂದರೆ ಪಥವನ್ನು ನೋಡಿ ಜನ ತಮ್ಮ ಬದುಕನ್ನು ಹೊಂದಿಸಿಕೊಂಡಿರುತ್ತಾರೆ. ಒಬ್ಬ ತಂದೆ ಮಗಳನ್ನು ದೂರದ ಶಾಲೆಗೆ ಸೇರಿಸಿರುತ್ತಾನೆ. ಒಬ್ಬ ಕೂಲಿಯವನು ಬಸ್ಸಿನ ಪಾಸು ಬಿಟ್ಟು ಸಾಲ ಮಾಡಿ ಸೈಕಲ್ ಕೊಂಡಿರುತ್ತಾನೆ. ಸರಕಾರವು ಕಲ್ಲು ಹಾಸಿ ಬಣ್ಣ ಬಳಿದಾಗ ಈ ಅಂಚಿನಲ್ಲಿ ನೀನು ಸುರಕ್ಷಿತ ಎಂದು ಅವರಿಗೆ ಹೇಳಿದಂತಾಯಿತು. ಆ ಮಾತನ್ನು ನಂಬಿ ಹೊರಬಿದ್ದವರನ್ನು ನಡುದಾರಿಯಲ್ಲಿ ಬಿಡುವುದಕ್ಕೆ ಬಹಳ ಬಲವಾದ ಕಾರಣ ಬೇಕು. ಅಂಥ ಕಾರಣ ಇದೆಯೇ ಎಂದು ಒಂದೊಂದಾಗಿ ನೋಡೋಣ.

ಮೊದಲನೆಯ ವಾದ: ಸೈಕಲ್ ಪಥವನ್ನು ಬಳಸುವವರು ಕಡಿಮೆ. ಈ ವಾದವನ್ನು ಗಡಿನಾಡ ಕನ್ನಡಿಗರಾದ ನಾವು ಇನ್ನೊಂದು ರೂಪದಲ್ಲಿ ಚೆನ್ನಾಗಿ ಬಲ್ಲೆವು. ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಶಿಕ್ಷಕರ ಹುದ್ದೆ ಖಾಲಿ ಉಳಿಯಿತು ಎನ್ನೋಣ. ಪಠ್ಯಪುಸ್ತಕ ತಡವಾಗಿ ಬಂತು ಎನ್ನೋಣ. ಮುಂದಿನ ತರಗತಿಗೆ ಹತ್ತಿರದಲ್ಲಿ ಕನ್ನಡ ಪ್ರೌಢಶಾಲೆಯೂ ಇಲ್ಲ. ಪಾಲಕರು ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಆಗ ಹಾಜರಿ ಪುಸ್ತಕವನ್ನು ತೋರಿಸಿ, ಮಕ್ಕಳೇ ಇಲ್ಲ, ಶಾಲೆ ಏಕೆ ಎಂದು ಕೇಳಿದರೆ ಆ ಪ್ರಶ್ನೆಗೆ ಏನರ್ಥ? ಮಕ್ಕಳು ಏಕೆ ಇಲ್ಲ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕಲ್ಲವೇ? ರಾಜ್ಯಗಳ ಪುನರ್ವಿಂಗಡಣೆಯ ವರ್ಷವಾದ 1956ರಲ್ಲಿಯೇ ನಮ್ಮ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಅನುಕೂಲ ಕಲ್ಪಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಹೇಳಲಾಯಿತು. ಕಡಿಮೆ ಜನರಿದ್ದಾರೆ ಎಂಬುದು ಅಲ್ಲಿ ರಕ್ಷಣೆ ಕೊಡಲು ಕಾರಣವಾಯಿತೇ ಹೊರತು ರಕ್ಷಣೆ ಕೀಳಲು ಅಲ್ಲ.

ಸೈಕಲ್ ಪಥದ ವಿಷಯವೂ ಹೀಗೆಯೇ. ಎಲ್ಲಿಂದಲೋ ಆರಂಭವಾಗಿ ಎಲ್ಲಿಯೋ ನಿಂತುಹೋಗುವ, ನಡುವೆ ಕಾರು ನಿಂತ, ಗಟಾರದ ಮುಚ್ಚಳ ತೆರೆದ, ಚೌಕ ಬಂದೊಡನೆ ಮಾಯವಾಗುವ ಪಥದ ಮೇಲೆ ಯಾರು ತಾನೇ ಹೋದಾರು? ಹೊಳೆಗೆ ಅರ್ಧ ಸೇತುವೆ ಕಟ್ಟಿ, ಅದರ ಮೇಲೆ ಯಾರೂ ದಾಟುತ್ತಿಲ್ಲ, ಕೆಡವಿಬಿಡಿ ಎಂದಂತಾಯಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರ ವೈದ್ಯವಿದು. ಪಥದ ಮೇಲೆ ಕಾರು ನಿಂತಿದ್ದರೆ ಕಾರನ್ನು ತೆಗೆಯಬೇಕು, ಪಥವನ್ನಲ್ಲ.

ಇನ್ನು, ಸೈಕಲ್ಲಿನವರು ನಿಜಕ್ಕೂ ಕಡಿಮೆಯೇ? 2011ರ ಜನಗಣತಿಯಂತೆ ದೇಶದ ನೂರು ಮನೆಗಳಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ ಇತ್ತು. ಕಾರು ಇದ್ದದ್ದು ಐದಕ್ಕಿಂತ ಕಡಿಮೆ ಮನೆಗಳಲ್ಲಿ. ಕಾಲ ಬದಲಾಗಿದೆ, ಮೋಟಾರು ಬೈಕು ಮನೆಮನೆಗೆ ಬಂದಿದೆ, ಒಪ್ಪೋಣ. ಆದರೂ ಸೈಕಲ್ ಇಟ್ಟುಕೊಂಡವನ ಮಾತು ನಗರದ ಯೋಜನೆಯ ಸಭೆಯಲ್ಲಿ ಕೇಳಿಬರುವುದಿಲ್ಲ. ಅವನು ಆ ಹೊತ್ತಿನಲ್ಲಿ ಕೆಲಸದ ಮೇಲಿರುತ್ತಾನೆ. ಸಭೆಗೆ ಬರುವವರೆಲ್ಲ ಕಾರಿನಲ್ಲಿ ಬರುತ್ತಾರೆ. ಕಾಣದವರನ್ನು ಇಲ್ಲದವರೆಂದು ಎಣಿಸುವುದು ಲೆಕ್ಕದ ದೋಷವೂ ಹೌದು, ನೀತಿಯ ದೋಷವೂ ಹೌದು.

ಎರಡನೆಯ ವಾದ: ಸೈಕಲ್ ಪಥ ತೆಗೆದರೆ ವಾಹನದಟ್ಟಣೆ ಕಡಿಮೆಯಾಗುತ್ತದೆ, ಅದರಿಂದ ಎಲ್ಲರಿಗೂ ಹಿತ. ಇದು ನಿಜವಾಗಿದ್ದರೆ ಯೋಚಿಸಬೇಕಾದ ಮಾತೇ. ಆದರೆ ಒಂದು ಕಾರು ನಿಲ್ಲುವ ಜಾಗದಲ್ಲಿ ಎಷ್ಟು ಸೈಕಲ್ಲುಗಳು ನಿಂತಾವು ಎಂಬುದನ್ನು ಶಾಲೆಯ ಮೈದಾನದಲ್ಲಿ ಮಕ್ಕಳೂ ಅಳೆದು ಹೇಳಬಲ್ಲರು. ಆ ಕಾರಿನೊಳಗೆ ಬಹಳ ಸಲ ಇರುವವನು ಒಬ್ಬನೇ. ಇಂದು ಸೈಕಲ್ ಬಿಟ್ಟವನು ನಾಳೆ ಮನೆಯಲ್ಲಿ ಕುಳಿತಿರುವುದಿಲ್ಲ. ಅವನೂ ಹೇಗೋ ಒಂದು ಮೋಟಾರು ಹೊಂದಿಸಿಕೊಂಡು ಅದೇ ರಸ್ತೆಗೆ ಬರುತ್ತಾನೆ. ದಟ್ಟಣೆಗೆ ಇನ್ನೊಂದು ವಾಹನ ಕೂಡಿತೇ ಹೊರತು ಕಳೆಯಲಿಲ್ಲ. ಭಾರತ ಸರಕಾರವು 2006ರಲ್ಲಿ ಒಪ್ಪಿದ ರಾಷ್ಟ್ರೀಯ ನಗರ ಸಾರಿಗೆ ನೀತಿಯ ಮೂಲಸೂತ್ರವೂ ಇದೇ: ಸಾಗಬೇಕಾದದ್ದು ಜನರು, ವಾಹನಗಳಲ್ಲ. ನೀತಿಯನ್ನು ದಿಲ್ಲಿಯಲ್ಲಿ ಬರೆದು ಗಲ್ಲಿಯಲ್ಲಿ ಅಳಿಸಿದರೆ ಅದಕ್ಕೆ ಬೆಲೆಯೇನು?

ಟೊರಾಂಟೊದ ಪ್ರಕರಣದಲ್ಲಿ ಈ ವಾದವು ನ್ಯಾಯಾಲಯದ ಪರೀಕ್ಷೆಗೂ ಒಳಗಾಯಿತು. 2025ರ ಜುಲೈ ತಿಂಗಳ ಕೊನೆಯಲ್ಲಿ ಅಲ್ಲಿನ ನ್ಯಾಯಾಧೀಶರು ಕೊಟ್ಟ ತೀರ್ಪಿನ ಸಾರವಿಷ್ಟು: ಪಥಗಳನ್ನು ತೆಗೆದರೆ ಸವಾರರ ಪ್ರಾಣಾಪಾಯ ಹೆಚ್ಚುತ್ತದೆ, ದಟ್ಟಣೆ ತಗ್ಗುವುದೆಂಬುದಕ್ಕೆ ಆಧಾರ ಕಾಣುವುದಿಲ್ಲ, ಆದ್ದರಿಂದ ಇದು ಜೀವ ಮತ್ತು ದೇಹದ ಭದ್ರತೆಯ ಹಕ್ಕಿಗೆ ವಿರುದ್ಧ. ಸರಕಾರವು ಮೇಲ್ಮನವಿಗೆ ಹೊರಟಿತು, ಆ ಮಾತು ಬೇರೆ. ಈ ತೀರ್ಪಿನಲ್ಲಿ ನಮಗೆ ಮುಖ್ಯವಾದದ್ದು ಅದರ ನೈತಿಕ ವಿಚಾರ. ಸೈಕಲ್ ಪಥ ಕಟ್ಟಲೇಬೇಕೆಂದು ಆ ನ್ಯಾಯಾಲಯ ಹೇಳಲಿಲ್ಲ. ಕಟ್ಟಿದ್ದನ್ನು, ಜನ ಸಾಯುವರೆಂದು ತಿಳಿದೂ, ಪ್ರಯೋಜನವಿಲ್ಲದೆ ಕೆಡವಬಾರದು ಎಂದಿತು. ಕೊಡದಿರುವುದಕ್ಕೂ ಕಸಿಯುವುದಕ್ಕೂ ನಾನು ಮೇಲೆ ಹೇಳಿದ ವ್ಯತ್ಯಾಸ ಇಲ್ಲಿಯೂ ಕಾಣುತ್ತದೆ.

ನಮ್ಮ ದೇಶದ ನ್ಯಾಯಪೀಠಗಳೂ ಇದೇ ದಿಕ್ಕಿನಲ್ಲಿ ನಡೆದಿವೆ. ಮುಂಬಯಿಯ ಪಾದಚಾರಿ ಮಾರ್ಗಗಳಲ್ಲಿ ವಾಸಿಸುತ್ತಿದ್ದವರ ಮೊಕದ್ದಮೆಯಲ್ಲಿ 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಸಾರಿತು. 2025ರ ಮೇ ತಿಂಗಳಲ್ಲಿ, ನಡೆಯುವವರಿಗೆ ಅಡೆತಡೆಯಿಲ್ಲದ ಪಾದಚಾರಿ ಮಾರ್ಗ ಇರಬೇಕಾದದ್ದು ಸಂವಿಧಾನದ 21ನೆಯ ವಿಧಿಯ ಹಕ್ಕಿನ ಭಾಗವೆಂದಿತು. ನಡೆಯುವವನ ಹಕ್ಕು ಇದಾದರೆ, ತನ್ನ ಕಾಲಿನ ಬಲದಿಂದಲೇ ಸಾಗುವ ಸೈಕಲ್ ಸವಾರನನ್ನು ಅದರ ಹೊರಗೆ ನಿಲ್ಲಿಸಲು ತರ್ಕ ಸಾಲದು.

ಮೂರನೆಯ ವಾದ: ರಸ್ತೆಯ ತೆರಿಗೆ ಕಟ್ಟುವವರು ಮೋಟಾರಿನವರು, ರಸ್ತೆ ಅವರದು. ಸೈಕಲ್ಲಿನವನೂ ಸಾಬೂನು, ಬೆಂಕಿಪೆಟ್ಟಿಗೆ, ಬಟ್ಟೆ ಕೊಳ್ಳುವಾಗ ತೆರಿಗೆ ಕಟ್ಟುತ್ತಾನೆ. ಆ ಹಣವೂ ಸರಕಾರದ ಬೊಕ್ಕಸಕ್ಕೇ ಸೇರುತ್ತದೆ. ಅದಕ್ಕಿಂತ ಹೆಚ್ಚಾಗಿ, ತೆರಿಗೆಗೆ ತಕ್ಕಂತೆ ರಕ್ಷಣೆ ಎಂಬ ನಿಯಮವನ್ನು ಒಪ್ಪಿದರೆ ಪೋಲೀಸು ಠಾಣೆಯಲ್ಲಿ, ದವಾಖಾನೆಯಲ್ಲಿ, ಶಾಲೆಯಲ್ಲಿ ಬಡವನಿಗೆ ಕೊನೆಯ ಸಾಲೂ ಸಿಗಲಿಕ್ಕಿಲ್ಲ. ರಕ್ಷಣೆಯನ್ನು ಅಳೆಯುವುದು ಅಪಾಯದಿಂದ, ಹಣದಿಂದಲ್ಲ. ವಿಜ್ಞಾನದ ಪಾಠದಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಸರಳ ನಿಯಮವಿದೆ. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಸೈಕಲ್ಲಿಗೂ ಕಾರಿಗೂ ಡಿಕ್ಕಿಯಾದರೆ ಕಾರಿನ ಬಣ್ಣ ಹೋಗುತ್ತದೆ, ಸವಾರನ ಪ್ರಾಣ ಹೋಗುತ್ತದೆ. ಇಬ್ಬರ ತಪ್ಪು ಸಮನಾಗಿದ್ದರೂ ಇಬ್ಬರ ನಷ್ಟ ಎಂದೂ ಸಮನಲ್ಲ. ನಷ್ಟ ಸಮನಲ್ಲದ ಕಡೆ ಇಬ್ಬರನ್ನೂ ಒಂದೇ ಪಥದಲ್ಲಿ ನೂಕಿ, ಎಲ್ಲರಿಗೂ ಸಮಾನ ರಸ್ತೆ ಎನ್ನುವುದು ಸಮಾನತೆಯ ಅಣಕ.

ಇಂದು ಸೈಕಲ್ಲಿನ ಸ್ವರ್ಗವೆನಿಸಿದ ನೆದರ್‌ಲ್ಯಾಂಡ್ಸ್ ದೇಶವು ಹುಟ್ಟಿನಿಂದ ಹಾಗಿರಲಿಲ್ಲ. ಅಲ್ಲಿಯೂ ಮಹಾಯುದ್ಧದ ತರುವಾಯ ಕಾರಿಗಾಗಿ ಬೀದಿಗಳನ್ನು ಅಗಲಿಸಿದರು. 1971ರ ಒಂದೇ ವರ್ಷದಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಕ್ಕಳ ಕೊಲೆಯನ್ನು ನಿಲ್ಲಿಸಿರಿ ಎಂಬ ಕೂಗಿನೊಡನೆ ತಾಯ್ತಂದೆಗಳು ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟೂ ಅವರ ನೆರವಿಗೆ ಬಂತು. ಸರಕಾರ ಕಿವಿಗೊಟ್ಟಿತು. ಇಂದು ಅಲ್ಲಿ ಪ್ರಧಾನಮಂತ್ರಿಯೂ ಸೈಕಲ್ ಏರಿ ಕಚೇರಿಗೆ ಹೋದದ್ದನ್ನು ನಾವು ಚಿತ್ರಗಳಲ್ಲಿ ನೋಡಿದ್ದೇವೆ. ಅವರಿಗೆ ಸಾಧ್ಯವಾದದ್ದು ಶ್ರೀಮಂತಿಕೆಯಿಂದ ಎನ್ನುವವರುಂಟು. ಆದರೆ ಶ್ರೀಮಂತಿಕೆ ಮೊದಲು ಅವರನ್ನು ಕಾರಿನ ಕಡೆಗೇ ಒಯ್ದಿತ್ತು. ಅವರನ್ನು ತಿರುಗಿಸಿದ್ದು ಮಕ್ಕಳ ಮೇಲಿನ ಮಮತೆ.

ಮಕ್ಕಳ ಮಾತು ಬಂದದ್ದರಿಂದ ಹೆಣ್ಣುಮಕ್ಕಳ ಓದಿನ ವಿಷಯವನ್ನೂ ಇಲ್ಲಿ ಹೇಳಬೇಕು. 2006ರಲ್ಲಿ ಬಿಹಾರ ಸರಕಾರವು ಒಂಬತ್ತನೆಯ ತರಗತಿಗೆ ಸೇರುವ ಹೆಣ್ಣುಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಿತು. ಅರ್ಥಶಾಸ್ತ್ರಜ್ಞರು ಅದನ್ನು ಅಭ್ಯಾಸ ಮಾಡಿದಾಗ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಸುಮಾರು ಮೂರನೆಯ ಒಂದು ಭಾಗದಷ್ಟು ಏರಿದ್ದು ಕಂಡುಬಂತು. ಅದೇ ಸುಮಾರಿಗೆ ಕರ್ನಾಟಕದಲ್ಲಿಯೂ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದರು. ಗಡಿಯಾಚೆ ಇಂಡಿ, ಅಫಜಲಪುರ, ಆಳಂದಗಳಲ್ಲಿ ಬಂಧುಬಳಗವಿರುವ ನಮ್ಮಲ್ಲಿ ಅನೇಕರು ಆ ಮಕ್ಕಳ ಮುಖದ ಹಿಗ್ಗನ್ನು ಕಂಡಿರಬೇಕು. ಒಂದು ಸೈಕಲ್ ಎಂದರೆ ಒಬ್ಬ ಹುಡುಗಿಗೆ ಇನ್ನೂ ನಾಲ್ಕು ವರ್ಷದ ಓದು. ಆದರೆ ಸೈಕಲ್ ಕೊಟ್ಟ ಸರಕಾರವೇ ದಾರಿ ಕೊಡದಿದ್ದರೆ, ಇಲ್ಲವೆ ಇದ್ದ ದಾರಿಯನ್ನು ಕಿತ್ತರೆ, ಆ ಹುಡುಗಿಯ ತಂದೆ ಏನು ಮಾಡುತ್ತಾನೆ? ಮೊದಲು ಸೈಕಲ್ ನಿಲ್ಲುತ್ತದೆ, ಆಮೇಲೆ ಶಾಲೆ ನಿಲ್ಲುತ್ತದೆ, ಆಮೇಲೆ ಮದುವೆಯ ಮಾತು ಹೊರಡುತ್ತದೆ. ಮೂವತ್ತು ವರ್ಷ ಶಾಲೆಯಲ್ಲಿ ಕಳೆದ ಯಾವ ಶಿಕ್ಷಕನಿಗೂ ಈ ಅನುಕ್ರಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಒಮ್ಮೆ ಹಾಕಿದ ಗೆರೆಯನ್ನು ಎಂದೂ ಅಳಿಸಲೇಬಾರದೇ? ಹಾಗೆಂದರೆ ಅದು ಹಟವಾದೀತು. ತಪ್ಪಾದ ಜಾಗದಲ್ಲಿ ಮಾಡಿದ ಪಥವಿರಬಹುದು. ಅಂಬುಲೆನ್ಸಿಗೆ, ಅಗ್ನಿಶಾಮಕ ವಾಹನಕ್ಕೆ ಅಡ್ಡಿಯಾಗುವ ತಿರುವು ಇರಬಹುದು. ಅದನ್ನು ತಿದ್ದಲೇಬೇಕು. ಆದರೆ ತಿದ್ದುವುದಕ್ಕೆ ಮೂರು ನಿಬಂಧನೆಗಳಿರಲಿ. ಒಂದು, ಪಥವನ್ನು ಬಳಸುವವರನ್ನು, ಅವರಿಗೆ ಬಿಡುವಿರುವ ಹೊತ್ತಿನಲ್ಲಿ, ಅವರ ಭಾಷೆಯಲ್ಲಿ ಕೇಳಿರಬೇಕು. ಎರಡು, ಹಳೆಯದನ್ನು ಕೀಳುವ ಮೊದಲು ಹೊಸದನ್ನು ಮಾಡಿಕೊಟ್ಟಿರಬೇಕು. ಮೂರು, ತೆಗೆಯುವುದರಿಂದ ಯಾರಿಗೆ ಎಷ್ಟು ನಿಮಿಷ ಉಳಿಯುತ್ತದೆ, ಯಾರ ಜೀವಕ್ಕೆ ಎಷ್ಟು ಅಪಾಯ ಏರುತ್ತದೆ ಎಂಬ ಲೆಕ್ಕವನ್ನು ಎಲ್ಲರೆದುರು ಇಟ್ಟಿರಬೇಕು. ಒಬ್ಬನ ಹತ್ತು ನಿಮಿಷವನ್ನೂ ಇನ್ನೊಬ್ಬನ ಪ್ರಾಣವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾಗಿ ಬಂದರೆ, ತಕ್ಕಡಿ ಹಿಡಿದವನ ಕೈ ನಡುಗಬೇಕು. ಈ ಮೂರೂ ಆದಮೇಲೆ ಪಥ ಬದಲಾದರೆ ಯಾರೂ ಅಡ್ಡ ಬರಲಿಕ್ಕಿಲ್ಲ.

ದಾರಿ ಬಿಟ್ಟುಕೊಡುವ ಸಂಸ್ಕಾರ ನಮ್ಮ ಸೊಲ್ಲಾಪುರಕ್ಕೆ ಹೊಸದಲ್ಲ. ಶಿವಯೋಗಿ ಸಿದ್ಧರಾಮರು ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದರು. ನೀರು ಕುಡಿಯಲು ಬಂದವನನ್ನು ನೀನು ಯಾರು ಎಂದು ಕೆರೆ ಕೇಳುವುದಿಲ್ಲ. ಸಾರ್ವಜನಿಕವಾದದ್ದು ಹೇಗಿರಬೇಕೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಇಂದಿಗೂ ಪ್ರತಿ ಸಂಕ್ರಾಂತಿಗೆ ಗಡ್ಡಾ ಯಾತ್ರೆಯಲ್ಲಿ ಏಳು ನಂದಿಧ್ವಜಗಳು 68 ಲಿಂಗಗಳ ಪ್ರದಕ್ಷಿಣೆಗೆ ಹೊರಡುತ್ತವೆ. ಆ ಎತ್ತರದ ಭಾರದ ಕೋಲುಗಳನ್ನು ಹೊತ್ತು ಬರಿಗಾಲಲ್ಲಿ ನಡೆಯುವವರು ಬಂದಾಗ ಎಷ್ಟು ದೊಡ್ಡ ವಾಹನವಾದರೂ ನಿಲ್ಲುತ್ತದೆ, ಎಷ್ಟು ದೊಡ್ಡ ಮನುಷ್ಯನಾದರೂ ಪಕ್ಕಕ್ಕೆ ಸರಿದು ಕೈಮುಗಿಯುತ್ತಾನೆ. ಹೊತ್ತು ನಡೆಯುವವನಿಗೆ ದಾರಿ ಮೊದಲು ಎಂಬುದನ್ನು ಆ ದಿನಗಳಲ್ಲಿ ಇಡೀ ನಗರ ಒಪ್ಪುತ್ತದೆ. ಮನೆಯ ಭಾರ ಹೊತ್ತು ದಿನವೂ ಸೈಕಲ್ ತುಳಿಯುವವನಿಗೆ ಉಳಿದ ದಿನಗಳಲ್ಲಿಯೂ ನಾಲ್ಕು ಅಡಿ ಜಾಗ ಬಿಡುವುದು ಅದೇ ಭಕ್ತಿಯ ಮುಂದುವರಿಕೆಯೆಂದು ನಾನು ತಿಳಿಯುತ್ತೇನೆ.

ಸಂಘದ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಸಾಹಿತ್ಯ ಸಮ್ಮೇಳನವು ನಾಡುನುಡಿಯ ಹಬ್ಬ. ಆದರೆ ನುಡಿಯನ್ನಾಡುವವರು ಕ್ಷೇಮವಾಗಿ ಮನೆ ಸೇರುವುದೂ ನುಡಿಯ ಕೆಲಸವೇ. ಕುಂಭಾರಿಯಿಂದ ಸೊಲ್ಲಾಪುರದವರೆಗೆ ಅಕ್ಕಲಕೋಟೆ ರಸ್ತೆಯ ಎರಡೂ ಬದಿಗೆ ಸೈಕಲ್ಲಿನವರಿಗೂ ನಡೆಯುವವರಿಗೂ ಕಟ್ಟೆ ಹಾಕಿ ಬೇರ್ಪಡಿಸಿದ ಪಥ ಬೇಕೆಂದು, ಒಮ್ಮೆ ಮಾಡಿದ್ದನ್ನು ಮುಂದೆ ಯಾರೂ ಕೀಳಬಾರದೆಂದು, ಸಂಘವು ಒಂದು ಠರಾವು ಮಾಡಿ ಸಂಬಂಧಪಟ್ಟವರಿಗೆ ಕಳುಹಿಸಲಿ. ಕನ್ನಡದಲ್ಲಿಯೂ ಬರೆಯೋಣ, ಮರಾಠಿಯಲ್ಲಿಯೂ ಬರೆಯೋಣ. ಆ ದಾರಿಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಎಲ್ಲವನ್ನೂ ಆಡುವವರು ಸೈಕಲ್ ತುಳಿಯುತ್ತಾರೆ. ಸಹಿಯನ್ನು ಮೊದಲು ರೇನಗರದವರಿಂದ ಕೇಳೋಣ. ಕೊಟ್ಟರೆ ಸಂತೋಷ, ಕೊಡದಿದ್ದರೆ ಮತ್ತೆ ಕೇಳೋಣ. ಕೇಳುವವರಿದ್ದಾರೆಂದು ತಿಳಿದ ಮೇಲೆ, ಕೊಟ್ಟದ್ದನ್ನು ಕಸಿಯುವ ಮುನ್ನ ಯಾವ ಸರಕಾರವಾದರೂ ಎರಡು ಸಲ ಯೋಚಿಸಬೇಕಾಗುತ್ತದೆ.